ಚೀಟಿಯಿಲ್ಲದ ಎಳೆ ಕ್ಯಾಕ್ಟಸ್ ಯಾವುದೆಂದು ಪತ್ತೆ ಹಚ್ಚುವುದು

ಎರಡಿಂಚಿನ ಕುಂಡದಲ್ಲಿ ಮಾರುವ ಕ್ಯಾಕ್ಟಸ್‌ಗೆ ಚೀಟಿ ಇರುವುದು ಅಪರೂಪ. ಇದ್ದರೂ ಅದರಲ್ಲಿ 'ಮಿಕ್ಸ್ ಕ್ಯಾಕ್ಟಸ್' ಎಂದಷ್ಟೇ ಬರೆದಿರುತ್ತದೆ. ಎಳೆಯ ಗಿಡದಲ್ಲಿ ಪ್ರಭೇದದವರೆಗೂ ಹೋಗುವ ಹಟ ಬೇಡ. ಕುಲ ತಿಳಿದರೆ ನೀರು ಬಿಸಿಲಿನ ಲೆಕ್ಕಕ್ಕೆ ಸಾಕು, ಉಳಿದದ್ದನ್ನು ಹೂವೇ ಹೇಳಬೇಕು.

ಮೊದಲು ಅದು ಕ್ಯಾಕ್ಟಸ್ ಹೌದೋ ಅಲ್ಲವೋ ನೋಡಿ. ಭೂತಗನ್ನಡಿ ಹಿಡಿದರೆ ಮುಳ್ಳು ಹುಟ್ಟುವ ಕಡೆ ಹತ್ತಿಯಂಥ ಪುಟ್ಟ ಮೆತ್ತೆ ಕಾಣಬೇಕು. ಅದೇ ಅರಿಯೋಲ್. ನಮ್ಮ ಬೇಲಿಗಳ್ಳಿಗಳ ಬಳಗವಾದ ಯುಫೋರ್ಬಿಯಾಗಳಲ್ಲಿ ಈ ಮೆತ್ತೆ ಇಲ್ಲ, ಮುಳ್ಳುಗಳೂ ಹೆಚ್ಚಾಗಿ ಜೋಡಿಜೋಡಿ. ಗೀರಿ ಹಾಲು ಬರುತ್ತದೆಯೇ ಎಂದು ನೋಡುವ ರೂಢಿಯನ್ನು ಪೂರ್ತಿ ನಂಬುವಂತಿಲ್ಲ, ಮ್ಯಾಮಿಲೇರಿಯಾ ಎಂಬ ಕ್ಯಾಕ್ಟಸ್ ಕುಲದ ಹಲವು ಗಿಡಗಳಲ್ಲೂ ಹಾಲಿದೆ. ಯುಫೋರ್ಬಿಯಾದ ಹಾಲು ಕಣ್ಣಿಗೆ ತಾಗಿದರೆ ಅಪಾಯ ಬೇರೆ.

ಆಮೇಲೆ ಕತ್ತು ನೋಡಿ. ಮೂರು ಏಣಿನ ಹಸಿರು ಕಾಂಡದ ಮೇಲೆ ಕೆಂಪು ಅಥವಾ ಹಳದಿ ಗುಂಡು ಕೂತಿದ್ದರೆ ಅದು ಕಸಿ ಗಿಡ. ಮೇಲಿನದು ಸಾಮಾನ್ಯವಾಗಿ ಹರಿತ್ತು ಇಲ್ಲದ ಜಿಮ್ನೊಕ್ಯಾಲಿಸಿಯಮ್, ಕೆಳಗಿನದು ಡ್ರ್ಯಾಗನ್ ಹಣ್ಣಿನ ಬಳ್ಳಿ. ಕಾಂಡದಲ್ಲಿ ಒಡೆದ ಚಿಗುರನ್ನು ನೋಡಿ ಹೆಸರಿಡಬೇಡಿ. ನೆತ್ತಿಯಲ್ಲಿ ಒಣಗಿದ ಬಣ್ಣದ ಹೂವಿದ್ದರೆ ಬುಡ ಪರೀಕ್ಷಿಸಿ, ಅಂಟು ಹಾಕಿ ಕೂರಿಸಿರುವುದೇ ಹೆಚ್ಚು.

ಈಗ ಮೈ. ಉದ್ದಕ್ಕೆ ಇಳಿಯುವ ಏಣುಗಳಿವೆಯೋ, ಸುರುಳಿಯಲ್ಲಿ ಜೋಡಿಸಿದ ಗುಬುಟುಗಳಿವೆಯೋ? ಗುಬುಟು ಎಂದರೆ ಎಲ್ಲರೂ ಮ್ಯಾಮಿಲೇರಿಯಾ ಎನ್ನುತ್ತಾರೆ. ಎಡವುವುದು ಇಲ್ಲಿಯೇ. ಗೋಲ್ಡನ್ ಬ್ಯಾರಲ್ ಎಂಬ ಗುಂಡು ಕ್ಯಾಕ್ಟಸ್‌ನ ಸಸಿಗೆ ಮೊದಲ ವರ್ಷಗಳಲ್ಲಿ ಏಣು ಇರುವುದಿಲ್ಲ, ಬರೀ ಗುಬುಟು. ಏಣು ಮೂಡುವುದು ಗಿಡ ದಪ್ಪವಾದ ಮೇಲೆ. ಹಳದಿ, ಗಟ್ಟಿ, ನೇರ ಮುಳ್ಳುಗಳಿದ್ದು ಗುಬುಟುಗಳ ಸಂದಿಯಲ್ಲಿ ಉಣ್ಣೆಯಾಗಲಿ ಬಿರುಗೂದಲಾಗಲಿ ಇಲ್ಲದಿದ್ದರೆ ಗೋಲ್ಡನ್ ಬ್ಯಾರಲ್ ಎಂದೇ ಮೊದಲು ಶಂಕಿಸಿ. ಹೆಬ್ಬೆರಳಷ್ಟಿರುವಾಗಲೇ ನೆತ್ತಿಯ ಸುತ್ತ ಬಳೆಯಂತೆ ಹೂ ಬಿಟ್ಟರೆ ಅದು ಮ್ಯಾಮಿಲೇರಿಯಾ. ಬ್ಯಾರಲ್ ಬಹಳ ದೊಡ್ಡದಾಗುವವರೆಗೆ ಹೂ ಬಿಡುವುದಿಲ್ಲ. ಕೋರಿಫ್ಯಾಂತಾ ಎಂಬ ಇನ್ನೊಂದು ಕುಲದ ಗುಬುಟಿನ ಮೇಲ್ಭಾಗದಲ್ಲಿ ಒಂದು ಗೆರೆ ಕೊರೆದಂತಿರುತ್ತದೆ, ಆದರೆ ಎಳೆಯದರಲ್ಲಿ ಅದೂ ಮೂಡಿರುವುದಿಲ್ಲ.

ಏಣಿನವುಗಳಲ್ಲಿ ಅರಿಯೋಲ್ ಕೆಳಗೆ ಗಲ್ಲದಂತೆ ಉಬ್ಬಿದ್ದರೆ ಜಿಮ್ನೊಕ್ಯಾಲಿಸಿಯಮ್. ಮೈತುಂಬ ಬಿಳಿ ಚುಕ್ಕೆಯಿದ್ದರೆ ಅಸ್ಟ್ರೋಫೈಟಮ್, ಅದರಲ್ಲೂ ಐದು ಏಣಿದ್ದು ಮುಳ್ಳಿಲ್ಲದಿದ್ದರೆ ಮಿರಿಯೋಸ್ಟಿಗ್ಮಾ. ನಡುಮುಳ್ಳು ಕೊಕ್ಕೆಯಾಗಿ ಬಾಗಿದ್ದರೆ ಫೆರೊಕ್ಯಾಕ್ಟಸ್ ಇರಬಹುದು, ಕೊಕ್ಕೆಮುಳ್ಳು ಕೆಲವು ಮ್ಯಾಮಿಲೇರಿಯಾಗಳಿಗೂ ಇದೆ. ಕಂಬದಂತೆ ಬೆಳೆಯುವ ಸೀರಿಯಸ್ ಸಸಿಗಳನ್ನು ಒಂದರಿಂದೊಂದು ಬಿಡಿಸುವುದು ವ್ಯರ್ಥ, 'ಸೀರಿಯಸ್' ಎಂದು ಬರೆದು ಬಿಟ್ಟುಬಿಡಿ. ಚಪ್ಪಟೆ ತುಂಡುಗಳಿದ್ದು ಮೆತ್ತೆಯಲ್ಲಿ ಪುಡಿಯಂಥ ಮುಳ್ಳಿದ್ದರೆ ಒಪಂಶಿಯಾ, ಪಾಪಾಸುಕಳ್ಳಿಯ ಕುಲ. ಬರಿಗೈಯಲ್ಲಿ ಮುಟ್ಟಬೇಡಿ. ಚುಚ್ಚಿಕೊಂಡರೆ ಗಮ್ ಟೇಪ್ ಅಂಟಿಸಿ ಕೀಳಿ.

ಅಳತೆ ತೆಗೆಯುವಾಗ ಗಿಡದ ಮಧ್ಯಭಾಗದ ಮೂರು ಅರಿಯೋಲ್ ಆರಿಸಿ. ಸುತ್ತಿನ ಮುಳ್ಳೆಷ್ಟು, ನಡುವಿನದೆಷ್ಟು, ಉದ್ದ ಎಷ್ಟು ಮಿಲಿಮೀಟರ್ ಎಂದು ಬರೆಯಿರಿ. ಬಣ್ಣವನ್ನು ಮಾತ್ರ ನೆತ್ತಿಯ ಹೊಸ ಮುಳ್ಳಿನಲ್ಲೇ ನೋಡಿ, ಹಳೆಯವು ಬೂದು ತಿರುಗಿರುತ್ತವೆ. ಬುಡದ ಮುಳ್ಳುಗಳು ಮೊಳಕೆಯ ಕಾಲದವು, ಲೆಕ್ಕಕ್ಕಿಲ್ಲ. ಅಂಗಡಿಯ ನೆರಳಿನಲ್ಲಿದ್ದ ಗಿಡ ಬೆಳಕು ಹುಡುಕಿ ಉದ್ದಕ್ಕೆ ಎಳೆದುಕೊಂಡು ಗುಂಡು ಜಾತಿಯೂ ಕಂಬದಂತೆ ಕಾಣುತ್ತದೆ, ಮುಳ್ಳು ಸಣಕಲಾಗುತ್ತದೆ. ಅಂಥದ್ದನ್ನು ಬೆಳಗಿನ ಬಿಸಿಲಿಗೆ ನಿಧಾನವಾಗಿ ಒಗ್ಗಿಸಿ, ಹೊಸ ಬೆಳವಣಿಗೆ ಬಂದ ಮೇಲೆ ಅಳೆಯಿರಿ. ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗಿಟ್ಟರೆ ಮೈ ಸುಟ್ಟು ಕಂದು ಕಲೆ ಉಳಿಯುತ್ತದೆ.

ಹೂ ಬಂದಾಗ ದಳದ ಬಣ್ಣಕ್ಕಿಂತ ಹೂವಿನ ಕೊಳವೆಯ ಹೊರಮೈ ಮುಖ್ಯ. ಬೋಳಾಗಿ ಹುರುಪೆ ಮಾತ್ರ ಇದ್ದರೆ ಜಿಮ್ನೊಕ್ಯಾಲಿಸಿಯಮ್. ಉಣ್ಣೆಯ ಜೊತೆ ಬಿರುಗೂದಲೂ ಇದ್ದರೆ ಪರೋಡಿಯಾ. ಉದ್ದ ಕೊಳವೆಗೆ ಕೂದಲಿದ್ದರೆ ಎಕಿನಾಪ್ಸಿಸ್. ಮೇಲಿನಿಂದೊಂದು, ಪಕ್ಕದಿಂದೊಂದು, ಸ್ಕೇಲ್ ಇಟ್ಟು ಅರಿಯೋಲ್‌ನ ಹತ್ತಿರದ್ದೊಂದು ಫೋಟೊ ತೆಗೆದಿಡಿ. ಕುಂಡದ ಚೀಟಿಯಲ್ಲಿ ಕುಲದ ಹೆಸರು, ಅನುಮಾನವಿದ್ದರೆ ಪ್ರಶ್ನಾರ್ಥಕ, ಕೊಂಡ ತಿಂಗಳು ಇರಲಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ.