ಎಕ್ಸ್‌ಟ್4 ಜರ್ನಲ್ ಕೆಟ್ಟಾಗ ಸರಿ ಮಾಡಿದ್ದು ಹೀಗೆ

ಮಂಡ್ಯದ ನಮ್ಮ ಗೊಬ್ಬರದಂಗಡಿಯ ಲಿನಕ್ಸ್ ಕಂಪ್ಯೂಟರ್, ಕರೆಂಟ್ ಹೋಗಿ ಬಂದ ಮೇಲೆ ಬಿಲ್ ಸೇವ್ ಮಾಡಲು ಬಿಡಲಿಲ್ಲ. 'ರೀಡ್-ಓನ್ಲಿ ಫೈಲ್ ಸಿಸ್ಟಮ್' ಅಂತಲೇ ಬರುತ್ತಿತ್ತು. ಕರ್ನಲ್ ಲಾಗ್‌ನಲ್ಲಿ 'ಡಿಟೆಕ್ಟೆಡ್ ಅಬಾರ್ಟೆಡ್ ಜರ್ನಲ್' ಎಂಬ ಸಾಲು. ಎಕ್ಸ್‌ಟ್4 ಅಂದರೆ ಲಿನಕ್ಸ್‌ನ ಒಂದು ಫೈಲ್ ಸಿಸ್ಟಮ್; ಬದಲಾವಣೆಗಳನ್ನು ಅದು ಮೊದಲು ಬರೆದಿಟ್ಟುಕೊಳ್ಳುವ ಜಾಗವೇ ಜರ್ನಲ್.

ಬರೆಯಲು ಆಗುವಂತೆ ರೀಮೌಂಟ್ ಮಾಡಲು ನೋಡಿದೆ, ಆಗಲಿಲ್ಲ. ಸಾಟಾ ಕೇಬಲ್ ಬದಲಾಯಿಸಿದೆ, ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ನೋಡಿದೆ, ಡಿಸ್ಕ್ ಚೆನ್ನಾಗಿತ್ತು. ಫೈಲ್ ಸಿಸ್ಟಮ್ ತಪಾಸಿಸಿ ಸರಿಮಾಡುವ ಇ2ಎಫ್‌ಎಸ್‌ಸಿಕೆ ಪ್ರತಿ ಸಲ ಜರ್ನಲ್ ಹತ್ತಿರ ಬಂದು ನಿಲ್ಲುತ್ತಿತ್ತು. ಬ್ಯಾಕಪ್ ಸೂಪರ್‌ಬ್ಲಾಕ್ (ಫೈಲ್ ಸಿಸ್ಟಮ್‌ನ ಮುಖ್ಯ ವಿವರಗಳ ನಕಲು) 32768 ಕೊಟ್ಟರೂ ಅಷ್ಟೇ.

ಕೊನೆಗೆ ಕೆಟ್ಟ ಜರ್ನಲ್ಲನ್ನೇ ತೆಗೆದು ಹೊಸದು ಹಾಕಿದೆ. ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಪಾರ್ಟಿಷನ್ ಮೌಂಟ್ ಆಗಿರಬಾರದು. ಮೊದಲು ಡಿಡಿ ಎಂಬ ಕಾಪಿ ಕಮಾಂಡ್‌ನಿಂದ ಇಡೀ ಪಾರ್ಟಿಷನ್ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ. ಇದನ್ನು ಬಿಡಲೇಬೇಡಿ, ಯಾಕೆಂದರೆ ಜರ್ನಲ್‌ನಲ್ಲಿ ಬಾಕಿ ಉಳಿದ ಬರಹ ಹೋಗೇ ಹೋಗುತ್ತದೆ. ಆಮೇಲೆ ಇದೇ ಕ್ರಮದಲ್ಲಿ (/ಡೆವ್/ಎಸ್‌ಡಿಎ2 ನನ್ನ ಪಾರ್ಟಿಷನ್, ಅಲ್ಲಿ ನಿಮ್ಮದನ್ನು ಹಾಕಿ):

ಟ್ಯೂನ್2ಎಫ್‌ಎಸ್ -ಎಫ್ -ಎಫ್ -ಓ ^ಹ್ಯಾಸ್_ಜರ್ನಲ್ /ಡೆವ್/ಎಸ್‌ಡಿಎ2
ಇ2ಎಫ್‌ಎಸ್‌ಸಿಕೆ -ಎಫ್ -ವೈ /ಡೆವ್/ಎಸ್‌ಡಿಎ2
ಟ್ಯೂನ್2ಎಫ್‌ಎಸ್ -ಜೆ /ಡೆವ್/ಎಸ್‌ಡಿಎ2

ಓ ದೊಡ್ಡಕ್ಷರ, ಉಳಿದವು ಚಿಕ್ಕವು. ಎಫ್ ಎರಡು ಸಲ ಬೇಕೇ ಬೇಕು. ಒಂದೇ ಸಲ ಕೊಟ್ಟು ನಾನು ಸುಮ್ನೆ ಅರ್ಧ ದಿನ ಕಳೆದೆ. ಜರ್ನಲ್‌ನಲ್ಲಿ ಬರಹ ಬಾಕಿ ಇದೆ ಎನ್ನುವ 'ನೀಡ್ಸ್_ರಿಕವರಿ' ಗುರುತು ಇರುವಾಗ ಒಂದು ಎಫ್‌ಗೆ ಅದು ಒಪ್ಪುವುದಿಲ್ಲ.

ಮೌಂಟ್ ಮಾಡುವ ಮೊದಲೇ ಡಂಪ್‌ಇ2ಎಫ್‌ಎಸ್ -ಎಚ್ /ಡೆವ್/ಎಸ್‌ಡಿಎ2 ಓಡಿಸಿ, ಅದು ಫೈಲ್ ಸಿಸ್ಟಮ್‌ನ ವಿವರ ತೋರಿಸುತ್ತದೆ. 'ಹ್ಯಾಸ್_ಜರ್ನಲ್' ಕಾಣಬೇಕು, 'ನೀಡ್ಸ್_ರಿಕವರಿ' ಕಾಣಬಾರದು. ಮೌಂಟ್ ಮಾಡಿದ ಮೇಲೆ ಕಾಣೆಯಾದ ಫೈಲ್‌ಗಳನ್ನು ಲಾಸ್ಟ್+ಫೌಂಡ್ ಫೋಲ್ಡರ್‌ನಲ್ಲಿ ಹುಡುಕಿ.