ಡಲ್ಲಾಸ್ ತಂಡದ ಅಣಕ ಪೋಸ್ಟು, ಮಡಿಕೇರಿಯಿಂದ

ಅಣಕ ಪೋಸ್ಟು ಕೆಡುವುದು ಹೆಚ್ಚಾಗಿ ಜೋಕು ಜಾಸ್ತಿಯಾಗಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತಂಡಗಳ ಅಧಿಕೃತ ಖಾತೆಯ ಧಾಟಿ ಬಹಳ ಒಣ. ಆಟಗಾರನ ಹೆಸರು, ಯಾವ ಮಂಡಿಗೆ ಏಟು, ಇವತ್ತು ಆಡುತ್ತಾನೋ ಇಲ್ಲವೋ, ಅಷ್ಟೇ. ಆ ಒಣ ಧಾಟಿಯನ್ನು ಹಾಗೇ ಉಳಿಸಿಕೊಂಡು ಒಳಗಿನ ಒಂದೇ ಸಂಗತಿಯನ್ನು ತಿರುಚಬೇಕು. ಎರಡನ್ನು ತಿರುಚಿದರೆ ಯಾವುದಕ್ಕೆ ನಗಬೇಕೆಂದೇ ಓದುವವರಿಗೆ ಗೊತ್ತಾಗುವುದಿಲ್ಲ. ಮಡಿಕೇರಿಯಲ್ಲಿ ಕೂತು ಡಲ್ಲಾಸ್ ಮ್ಯಾವರಿಕ್ಸ್ ತಂಡದ ಅಣಕ ಖಾತೆ ನಡೆಸುವುದರಲ್ಲಿ ನಾನು ಬಿಡದೆ ಪಾಲಿಸುವ ನಿಯಮ ಇದೊಂದೇ.

ತಂಡ ಆರಿಸುವಾಗ ಗೆಲ್ಲುವವರನ್ನು ನೋಡಬೇಡಿ, ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡವರನ್ನು ನೋಡಿ. ಮ್ಯಾವರಿಕ್ಸ್ 2024ರಲ್ಲಿ ಫೈನಲ್‌ವರೆಗೆ ಹೋಗಿ ಬೋಸ್ಟನ್‌ಗೆ 4-1ರಲ್ಲಿ ಸೋತಿತು. ಅದಾಗಿ ಎಂಟು ತಿಂಗಳು ತುಂಬುವ ಮೊದಲೇ ತನ್ನ ತಾರಾ ಆಟಗಾರ ಲೂಕಾ ಡಾನ್ಚಿಚ್ ಅವರನ್ನು ಲಾಸ್ ಏಂಜಲೀಸ್ ಲೇಕರ್ಸ್‌ಗೆ ಬಿಟ್ಟುಕೊಟ್ಟಿತು. ನಮ್ಮಲ್ಲಿ ಆಗ 2025ರ ಫೆಬ್ರವರಿ 2ರ ಬೆಳಿಗ್ಗೆ. ಸುದ್ದಿ ಹಾಕಿದ ಇಎಸ್‌ಪಿಎನ್ ವರದಿಗಾರ ಶಮ್ಸ್ ಚರಾನಿಯಾ ಅವರ ಖಾತೆ ಹ್ಯಾಕ್ ಆಗಿದೆ ಅಂತಲೇ ಬಹಳ ಜನ ತಿಳಿದರು. ಇದು ನಿಜ ಎಂದು ಅವರು ಮತ್ತೊಮ್ಮೆ ಬರೆಯಬೇಕಾಯಿತು. ನಿಜ ಸುದ್ದಿಯೇ ಅಣಕದಂತೆ ಕಂಡಾಗ ಅದಕ್ಕಿಂತ ಜೋರಾಗಿ ಕೂಗಿ ಪ್ರಯೋಜನವಿಲ್ಲ, ದನಿ ತಗ್ಗಿಸಬೇಕು. ಆ ವಿನಿಮಯಕ್ಕೆ ನನ್ನ ಕಾರ್ಡಿನಲ್ಲಿ, ಅಂದರೆ ಪೋಸ್ಟಿಗೆ ಹಾಕುವ ಚಿತ್ರದಲ್ಲಿ, ಇರುವ ಮಾತು ಇಷ್ಟು:

"ಆಡಳಿತ ಮಂಡಳಿಯ ಪ್ರಕಟಣೆ: ಚೆನ್ನಾಗಿ ಇಳುವರಿ ಕೊಡುತ್ತಿದ್ದ 25 ವರ್ಷದ ರೋಬಸ್ಟಾ ಗಿಡ ಕೊಟ್ಟು 31 ವರ್ಷದ ಸಿಲ್ವರ್ ಓಕ್ ತರಲಾಗಿದೆ. ಬೆಳೆ ಗೆಲ್ಲಿಸುವುದು ನೆರಳೇ ಎಂಬುದು ಮಂಡಳಿಯ ನಂಬಿಕೆ. ಜೊತೆಗೆ 2029ರ ಒಂದು ಫಸಲು ಬರಲಿದೆ. ತೋಟದ ಹಿತೈಷಿಗಳು ಸಹಕರಿಸಬೇಕು."

ಇದರಲ್ಲಿ ಅಂಕಿ ಒಂದೂ ಸುಳ್ಳಲ್ಲ. ವಿನಿಮಯದ ದಿನ ಡಾನ್ಚಿಚ್‌ಗೆ 25, ಅವರ ಬದಲಿಗೆ ಬಂದ ಆಂಥನಿ ಡೇವಿಸ್‌ಗೆ 31. ಲೇಕರ್ಸ್‌ನ 2029ರ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕೂ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಡಲ್ಲಾಸ್‌ಗೆ ಸಿಕ್ಕಿದ್ದು ಹೌದು. ಚಾಂಪಿಯನ್‌ಷಿಪ್ ಗೆಲ್ಲಿಸುವುದು ರಕ್ಷಣೆಯ ಆಟವೇ ಎಂದು ಆಗಿನ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಸಮರ್ಥಿಸಿಕೊಂಡಿದ್ದರು. ತಂಡ ಕಾಫಿ ತೋಟವಾಗಿದೆ, ಅದಕ್ಕೆ ತಕ್ಕಂತೆ ರಕ್ಷಣೆ ಇದ್ದಲ್ಲಿ ನೆರಳು ಬಂದಿದೆ, ತಿರುಚಿದ್ದು ಅದೊಂದೇ. ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದ ಗೋಣಿಕೊಪ್ಪದ ಬೆಳೆಗಾರರಿಗೂ ಇದು ಅರ್ಥವಾಗುತ್ತದೆ. ಇದನ್ನೇ ಸ್ಯಾಲರಿ ಕ್ಯಾಪ್ (ತಂಡದ ಸಂಬಳದ ಮಿತಿ), ಲಕ್ಷುರಿ ಟ್ಯಾಕ್ಸ್ (ಸಂಬಳ ಹೆಚ್ಚಾದರೆ ಕಟ್ಟುವ ದಂಡ) ಇಟ್ಟುಕೊಂಡು ಬರೆದರೆ ಓದುವವರು ಹತ್ತು ಜನ, ನಗುವವರು ಇಬ್ಬರು. ಇನ್ನು ಎನ್‌ಬಿಎ ಆಟಗಾರ ಸ್ಟೆಫ್ ಕರಿ ಹೆಸರಿಗೆ ಪಂದಿ ಕರಿ ಸೇರಿಸುವ ಜೋಕು ಎಲ್ಲರೂ ಮಾಡಿ ಹಳಸಿದ್ದು, ಅದರ ಸುದ್ದಿಗೆ ಹೋಗಬೇಡಿ.

ಗಾಯದ ವಿಷಯದಲ್ಲಿ ಗೆರೆ ಹಾಕಿಕೊಳ್ಳಬೇಕು. ಡೇವಿಸ್ ಡಲ್ಲಾಸ್ ಪರ ಆಡಿದ ಮೊದಲ ಪಂದ್ಯದಲ್ಲೇ 26 ಅಂಕ ಗಳಿಸಿ, ಗಾಯಗೊಂಡು ಹೊರನಡೆದರು. ಮಾರ್ಚ್‌ನಲ್ಲಿ ತಂಡದ ಇನ್ನೊಬ್ಬ ತಾರೆ ಕೈರಿ ಅರ್ವಿಂಗ್ ಅವರ ಮಂಡಿಯ ಲಿಗಮೆಂಟ್ ಹರಿಯಿತು. ಮಂಡಿಯನ್ನು ನೋಡಿ ನಗುವುದು ಬೇಡ, ಗಾಯಾಳುಗಳ ಪಟ್ಟಿಯ ಉದ್ದ ನೋಡಿ ನಗಬಹುದು. ಕೊನೆಗೆ ಅಂಗಳಕ್ಕಿಳಿಸಲು ಎಂಟು ಜನರನ್ನು ಒಟ್ಟುಮಾಡುವುದೇ ತಂಡಕ್ಕೆ ಕಷ್ಟವಾದಾಗ ಎಸ್ಟೇಟಿನ ರೈಟರ್, ಅಂದರೆ ಗುಮಾಸ್ತ, ಬರೆಯುವ ಹಾಜರಿ ಪುಸ್ತಕದ ಒಂದು ಸಾಲು ಸಾಕು: "ಇಂದಿನ ಹಾಜರಿ 8, ಉಳಿದವರು ರಜೆ, ರೈಟರ್ ಸಹಿ." ಹೆಸರಿಲ್ಲ, ಯಾರ ನೋವೂ ಇಲ್ಲ. ಹಾಗೆಯೇ ನಿಜವಾದ ವ್ಯಕ್ತಿಯ ಹೆಸರು ಹಾಕಿ, ಅವರು ಆಡದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಡಲೇಬೇಡಿ. ಮಾತಾಡುವುದು ಯಾವಾಗಲೂ ಆಡಳಿತ ಮಂಡಳಿ. ಇಲ್ಲಿ ಕೊಡವ ಮನೆತನಗಳ ತಂಡಗಳು ಆಡುವ ಕುಟುಂಬ ಹಾಕಿಯ ಪ್ರಕಟಣೆಯ ಧಾಟಿ ಅಣಕಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಯಾವ ಮನೆತನದ ಹೆಸರನ್ನೂ ಅದರೊಳಗೆ ತರುವ ಹಾಗಿಲ್ಲ. ಜಗಳ ಅಲ್ಲಿಂದಲೇ ಶುರುವಾಗುವುದು.

ಕಾರ್ಡಿನ ಅಳತೆ 1080×1350 ಪಿಕ್ಸೆಲ್. ನಾಲ್ಕೂ ಕಡೆ 90 ಪಿಕ್ಸೆಲ್ ಅಂಚು, ತಲೆಬರಹದ ಅಕ್ಷರ 70ರ ಆಸುಪಾಸು, ಒಳಗಿನ ಮಾತಿನದು 40. ಮೂವತ್ತಕ್ಕಿಂತ ಸಣ್ಣದು ವಾಟ್ಸಾಪ್‌ನಲ್ಲಿ ನಾಲ್ಕು ಕೈ ದಾಟುವಷ್ಟರಲ್ಲಿ ಮಸುಕಾಗುತ್ತದೆ. ತಲೆಬರಹಕ್ಕೆ ಅನೇಕ್ ಕನ್ನಡ ಬೋಲ್ಡ್, ಒಳಗೆ ನೋಟೊ ಸಾನ್ಸ್ ಕನ್ನಡ. ಇಂಗ್ಲಿಷಿಗೆ ಸಾಲಿನ ಅಂತರ 1.2 ಸಾಕಾಗುತ್ತದೆ, ಕನ್ನಡಕ್ಕೆ 1.5 ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಹೆಚ್ಚು ಕಾಡುವುದು ಒತ್ತಕ್ಷರ. ಫೋಟೋಶಾಪ್‌ನ ಹಳೆಯ ಆವೃತ್ತಿಯಾದರೆ ಟೈಪ್ ಪ್ರಿಫರೆನ್ಸಸ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸದಿದ್ದರೆ "ಡಲ್ಲಾಸ್" ಎಂದು ಬರೆದದ್ದು "ಡಲ್‌ಲಾಸ್" ಆಗಿ ಒಡೆದು ಕೂರುತ್ತದೆ. ಇನ್ನೂ ಹಳೆಯ ಆವೃತ್ತಿಗಳಲ್ಲಿ ಆ ಆಯ್ಕೆಯ ಹೆಸರು ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್. ಫೋನಿನ ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲೂ ಇದೇ ಗೋಳು. ಹೊಸ ಆ್ಯಪ್ ಹಾಕಿದ ಕೂಡಲೇ "ಡಲ್ಲಾಸ್ ಮ್ಯಾವರಿಕ್ಸ್ ಸ್ಪಷ್ಟನೆ" ಎಂದು ಹೊಡೆದು ನೋಡಿ, ಈ ಮೂರು ಪದ ಸರಿ ಬಂದರೆ ಉಳಿದದ್ದೂ ಬರುತ್ತದೆ. "ಎನ್‌ಬಿಎ" ಬರೆಯುವಾಗ ನ್ ಮತ್ತು ಬಿ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಕಾಪಿ ಪೇಸ್ಟ್ ಮಾಡುವಾಗ ಅದು ಬಿದ್ದುಹೋದರೆ "ಎನ್ಬಿಎ" ಆಗುತ್ತದೆ. ನುಡಿ ತಂತ್ರಾಂಶದ ಹಳೆಯ ಫೈಲಿನಿಂದ ಎತ್ತಿ ಹಾಕಿದ ಮಾತು ಯೂನಿಕೋಡ್ ಅಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ.

ಏಜೆನ್ಸಿಗಳ ಫೋಟೋ, ಪಂದ್ಯದ ವಿಡಿಯೋ ತುಣುಕು, ತಂಡದ ಲೋಗೋ ಮೂರನ್ನೂ ಬಿಟ್ಟೇ ಕೆಲಸ ಮಾಡುವುದು ಕ್ಷೇಮ. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗೆ ವಿನಾಯಿತಿ ಕೊಡುತ್ತದೆ, ಅಣಕವನ್ನು ಹೆಸರಿಸಿ ಹೇಳುವುದಿಲ್ಲ. ನಾನು ಲೋಗೋದ ಕುದುರೆ ಇರಬೇಕಾದಲ್ಲಿ ಕೈಯಲ್ಲಿ ಬರೆದ ಆನೆ ಇಡುತ್ತೇನೆ, ನೀಲಿಯನ್ನೂ ಸ್ವಲ್ಪ ಹಸಿರಿಗೆ ಸರಿಸುತ್ತೇನೆ.

ಹೊತ್ತು ನೋಡಿಕೊಳ್ಳಬೇಕು. ಡಲ್ಲಾಸ್‌ನಲ್ಲಿ ಸಂಜೆ 7.30ಕ್ಕೆ ಶುರುವಾಗುವ ಪಂದ್ಯ ಇಲ್ಲಿ ಚಳಿಗಾಲದಲ್ಲಿ ಬೆಳಿಗ್ಗೆ 7ಕ್ಕೆ, ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ತಿರುಗಿಸಿದ ಮೇಲೆ 6ಕ್ಕೆ. ಪಂದ್ಯ ಮುಗಿದ ಅರ್ಧ ಗಂಟೆಯೊಳಗೆ ಪೋಸ್ಟು ಹೋಗಬೇಕು. ಸೋತರೆ ಒಂದು, ಗೆದ್ದರೆ ಒಂದು ಕಾರ್ಡನ್ನು ಮೂರನೇ ಕ್ವಾರ್ಟರ್‌ನಲ್ಲೇ ತಯಾರಿಟ್ಟು, ಕೊನೆಗೆ ಅಂಕಿಯನ್ನಷ್ಟೇ ತುಂಬಿ. ಜೂನ್ ಕೊನೆಯ ಡ್ರಾಫ್ಟು, ಅದರ ಹಿಂದೆಯೇ ಬರುವ ಫ್ರೀ ಏಜೆನ್ಸಿ (ಒಪ್ಪಂದ ಮುಗಿದ ಆಟಗಾರರು ಹೊಸ ಒಪ್ಪಂದ ಮಾಡಿಕೊಳ್ಳುವ ಕಾಲ) ಎರಡೂ ನಮ್ಮ ಮಳೆಗಾಲದಲ್ಲೇ ಬೀಳುತ್ತವೆ. 2025ರಲ್ಲಿ ಫ್ರೀ ಏಜೆನ್ಸಿ ತೆರೆದಾಗ ಇಲ್ಲಿ ಜುಲೈ 1ರ ಬೆಳಗಿನ ಜಾವ 3.30. ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲದ ಆ ವಾರಗಳಲ್ಲಿ ಚಿತ್ರವಿಲ್ಲದ ಎರಡು ಸಾಲಿನ ಪೋಸ್ಟುಗಳನ್ನೇ ಫೋನಿನಲ್ಲಿ ಬರೆದಿಟ್ಟುಕೊಳ್ಳುವುದು ವಾಸಿ.

ಎಕ್ಸ್‌ನಲ್ಲಿ 2025ರ ಏಪ್ರಿಲ್‌ನಿಂದ ಖಾತೆಯ ಹೆಸರಿನ ಆರಂಭದಲ್ಲೇ ಪ್ಯಾರಡಿ, ಫ್ಯಾನ್ ಅಥವಾ ಅಂಥ ಪದ ಇರಬೇಕು. ಅಸಲಿ ಖಾತೆಯ ಪ್ರೊಫೈಲ್ ಚಿತ್ರವನ್ನೂ ಬಳಸುವಂತಿಲ್ಲ. ಖಾತೆಯ ಹೆಸರಿನಲ್ಲಿ ಇದ್ದರೆ ಸಾಲದು, ಏಕೆಂದರೆ ವಾಟ್ಸಾಪ್‌ಗೆ ಹೋಗುವುದು ಚಿತ್ರ ಮಾತ್ರ. "ಅಣಕ" ಎಂಬ ಪಟ್ಟಿಯನ್ನು ಮೂಲೆಯಲ್ಲಿ ಇಟ್ಟರೆ ಕತ್ತರಿಸಿ ಹಂಚುತ್ತಾರೆ. ಆದ್ದರಿಂದ ತಲೆಬರಹಕ್ಕೂ ಒಳಗಿನ ಮಾತಿಗೂ ನಡುವೆ, ಕಾರ್ಡಿನ ಪೂರ್ತಿ ಅಗಲಕ್ಕೆ ಇಡಿ. ಅಷ್ಟಾಗಿಯೂ ಯಾರಾದರೂ ನಿಜವೆಂದು ನಂಬಿ ಹಂಚುತ್ತಿದ್ದರೆ ಮೂಲ ಪೋಸ್ಟನ್ನು ಅಳಿಸಬೇಡಿ, ಅದರ ಕೆಳಗೇ ಅಣಕವೆಂದು ಬರೆದು ಪಿನ್ ಮಾಡಿ. ಅಳಿಸಿದರೆ ಊರು ಸುತ್ತುತ್ತಿರುವ ಸ್ಕ್ರೀನ್‌ಶಾಟ್‌ಗೆ ತಿದ್ದುಪಡಿ ತೋರಿಸಲು ಜಾಗವೇ ಉಳಿಯುವುದಿಲ್ಲ.