ಹಾವು ಕಚ್ಚಿದ ಗಾಯಕ್ಕೆ ಸೋಫಾ ಸ್ಪಂಜು: ನನ್ನ ಅನುಭವ

ಎರಡು ಆಸ್ಪತ್ರೇಲಿ ಕಾಲು ತೆಗೀಬೇಕು ಅಂದಿದ್ದ ಕೇಸು ಇದು. ಈಗ ಆ ಪೇಷಂಟ್ ಸಂಕ ದಾಟ್ಕೊಂಡು ತೋಟಕ್ಕೆ ಹೋಗ್ತಿದಾರೆ, ಅದಕ್ಕೇ ಬರೀತಿದೀನಿ.

ತೀರ್ಥಹಳ್ಳಿ ಕಡೆಯವರು, ಅಡಿಕೆಗೆ ಕೊಳೆ ಔಷಧಿ ಹೊಡೆಸೋ ಟೈಮಲ್ಲಿ ಕೊಳಕುಮಂಡಲ ಹಾವು ಪಾದಕ್ಕೆ ಕಚ್ಚಿತ್ತು. ಎಎಸ್‌ವಿ (ಹಾವಿನ ವಿಷಕ್ಕೆ ಕೊಡೋ ಪ್ರತಿವಿಷ) ಸಿಕ್ಕಿ ಜೀವ, ಕಿಡ್ನಿ ಎರಡೂ ಉಳೀತು, ಆದ್ರೆ ಮನೇಲೇ ಯಾರೋ ಹಗ್ಗ ಬಿಗಿದು ಬ್ಲೇಡಲ್ಲಿ ಗೀರಿದ್ರು, ನನ್ನ ಹತ್ರ ಬರೋ ಹೊತ್ತಿಗೆ 3 ವಾರ ಆಗಿ ಪಾದದ ಮೇಲೆ ಅಂಗೈಯಗಲ ಗಾಯ, ವಾಸನೆಗೆ ಪಕ್ಕದ ಬೆಡ್ಡೋರು ಎದ್ದು ಹೋದ್ರು.

ಅಲ್ಲಿವರೆಗೂ ಬರೀ ಅಮಾಕ್ಸಿಕ್ಲಾವ್ ಅನ್ನೋ ಆಂಟಿಬಯಾಟಿಕ್ ನಡೆದಿತ್ತು. ಕಲ್ಚರಲ್ಲಿ (ಗಾಯದ ಕ್ರಿಮಿ ಲ್ಯಾಬಲ್ಲಿ ಬೆಳೆಸಿ ನೋಡೋ ಟೆಸ್ಟು) ಬಂದಿದ್ದು ಮಾರ್ಗನೆಲ್ಲಾ ಅನ್ನೋ ಬ್ಯಾಕ್ಟೀರಿಯಾ, ಅದಕ್ಕೆ ಅಮಾಕ್ಸಿಕ್ಲಾವ್ ಲೆಕ್ಕಕ್ಕೇ ಇಲ್ಲ. ರಿಪೋರ್ಟ್ ನೋಡಿ ಸಿಪ್ರೋ ಅನ್ನೋ ಬೇರೆ ಆಂಟಿಬಯಾಟಿಕ್ ಹಾಕ್ದೆ. ಹಿಂದೊಂದು ಕೇಸಲ್ಲಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟುತ್ತಾ ಅಂತ ನೋಡೋ ಟೆಸ್ಟು) ನೋಡದೆ ಅವಸರಕ್ಕೆ ಡಿಬ್ರೈಡ್ ಮಾಡಿ (ಸತ್ತ ಮಾಂಸ ಕತ್ತರಿಸಿ ತೆಗೆದು), ರಕ್ತ ನಿಲ್ಲದೆ ಇಡೀ ರಾತ್ರಿ ಒತ್ತಿ ಹಿಡ್ಕೊಂಡು ಕೂತಿದ್ದೆ, ಆ ಬುದ್ಧಿ ಈ ಸಲ ಇತ್ತು.

ವ್ಯಾಕ್ (ಗಾಯದ ಮೇಲೆ ಸ್ಪಂಜು ಇಟ್ಟು, ಸೀಲ್ ಮಾಡಿ, ಮೆಷಿನ್ನಲ್ಲಿ ಕೀವು-ನೀರು ಎಳೆಯೋ ಡ್ರೆಸ್ಸಿಂಗು) ಹಾಕೋಣ ಅಂದ್ರೆ ಕಂಪನಿ ಕಿಟ್ಟು, ಮೆಷಿನ್ ಬಾಡಿಗೆ ಸೇರಿ ಒಂದ್ಸಲಕ್ಕೆ ಆರೇಳು ಸಾವಿರ. ಸೋಫಾ ರಿಪೇರಿ ಅಂಗಡಿ ಸ್ಪಂಜು, ಮೂಗಿಂದ ಹೊಟ್ಟೆಗೆ ಹಾಕೋ ರೈಲ್ಸ್ ಟ್ಯೂಬು, ಮೇಲೆ ಅಂಟೋ ಫಿಲಂ, ಆಪರೇಷನ್ ಥಿಯೇಟರಿನ ಹಳೇ ಸಕ್ಷನ್ ಮೆಷಿನ್, ಇಷ್ಟರಲ್ಲೇ ಮಾಡ್ತೀನಿ ಅಂದೆ. ನಮ್ಮ ಸೀನಿಯರ್ ಒಬ್ರು "ಏನಯ್ಯಾ, ಪಾತ್ರೆ ತೊಳೆಯೋ ಸ್ಪಂಜಲ್ಲಿ ಸರ್ಜರಿನಾ" ಅಂತ ನಕ್ರು. ಮೊದಲನೇ ಸ್ಪಂಜು ಆಟೋಕ್ಲೇವಲ್ಲಿ (ಬಿಸಿ ಹಬೇಲಿ ಕ್ರಿಮಿ ಕೊಲ್ಲೋ ಮೆಷಿನ್) ಮುದ್ದೆ ಆಯ್ತು, ಅವರಿಗೆ ಹೇಳ್ಲಿಲ್ಲ. ಎರಡನೇದು ಬೆರಳ ಸಂದೀಲಿ ಗಾಳಿ ಎಳೀತು. ಒಂದಿನ ಗೇಜ್ ಯಾರೂ ನೋಡದೆ ಎಳೆಯೋ ಒತ್ತಡ 200 ಎಂಎಂ ಎಚ್‌ಜಿ ದಾಟಿ ಪೇಷಂಟ್ ಕಿರುಚಿಕೊಂಡ್ರು. ಆಮೇಲೆ 125 ದಾಟಿಸ್ಲಿಲ್ಲ. ಮಳೆಗಾಲದ ಕರೆಂಟ್ ಕಥೆ ಗೊತ್ತಲ್ಲ, ಯುಪಿಎಸ್‌ಗೇ 9 ಸಾವಿರ ಕೈಯಿಂದ ಹೋಯ್ತು. ಟೆಂಡನ್ (ಮಾಂಸವನ್ನ ಮೂಳೆಗೆ ಸೇರಿಸೋ ನಾರು) ಕಾಣ್ತಿದ್ದ ಕಡೆ ಅಂಟದಿರೋ ಪ್ಯಾರಫಿನ್ ಗಾಜ್ ಬಟ್ಟೆ ಇಟ್ಟೇ ಸ್ಪಂಜು ಇಡಿ. ಬೆರಳ ಸಂದಿ ಹೆಂಗೆ ಸೀಲ್ ಮಾಡ್ದೆ ಅಂತ ಮಾತ್ರ ಇಲ್ಲಿ ಬರೆಯಲ್ಲ, ಬಂದು ನೋಡಿ, ಕಾಫಿ ನಂದು.

ಮೂರು ದಿನಕ್ಕೊಂದ್ಸಲ ಬದಲಾಯಿಸಿ, ಐದೋ ಆರೋ ಸಲ ಆದ್ಮೇಲೆ ಕೆಂಪು ಮಾಂಸ ತುಂಬ್ತು, ಸ್ಕಿನ್ ಗ್ರಾಫ್ಟ್ (ಬೇರೆ ಕಡೆಯ ಚರ್ಮ ತೆಗೆದು ಹಾಕೋದು) ಮುಕ್ಕಾಲು ಪಾಲು ಹಿಡೀತು, ಉಳಿದದ್ದು ತಾನೇ ಮುಚ್ಕೊಂತು. ಒಂದು ಡ್ರೆಸ್ಸಿಂಗಿಗೆ ಹೆಚ್ಚು ಅಂದ್ರೆ 700 ರೂಪಾಯಿ.

ಮಧ್ಯ ಇನ್ನೊಬ್ಬ ಪೇಷಂಟಿನ ಸಣ್ಣ ಗಾಯಕ್ಕೆ ಜೇನು ಡ್ರೆಸ್ಸಿಂಗೂ ನೋಡ್ದೆ, ಸ್ಟೆರೈಲ್ ಟ್ಯೂಬಿಂದೇ, ಕಾಡಿನ ಬಾಟ್ಲಿದಲ್ಲ. ವಾಸನೆ ಹೋಯ್ತು, ಇರುವೆ ಬಂತು. ಮಂಚದ ಕಾಲಿಗೆಲ್ಲ ನೀರಿನ ಬಟ್ಲು ಇಟ್ಟ ಸಿಸ್ಟರ್ ಇನ್ನೂ ನನ್ನ ಬೈತಾರೆ.

ಸೀನಿಯರ್ ಹೋದ ವಾರ ಸ್ಪಂಜಿನ ಅಂಗಡಿ ಎಲ್ಲಿ ಅಂತ ಫೋನ್ ಮಾಡಿದ್ರು. ಹಾವು ಕಚ್ಚಿದ ಪೇಷಂಟಿಂದ 4 ಸಾವಿರ ಬಾಕಿ ಇದೆ, ಅಡಿಕೆ ಮಾರಿ ಕೊಡ್ತಾರಂತೆ.